ಕೈಯೂ ಸುಡಬಾರದು, ಜೇಬೂ ಸುಡಬಾರದು

ಬಿಜಿಎಂಐ ಆಡುವಾಗ ಎಂ416 ಸಿಕ್ಕರೆ ನಾವು ಮೊದಲು ಹುಡುಕೋದು ಒಂದು ವರ್ಟಿಕಲ್ ಗ್ರಿಪ್. ಅದನ್ನು ಬಂದೂಕಿನ ಮುಂಭಾಗದ ಕೆಳಗೆ ಸಿಕ್ಕಿಸ್ತೀವಿ, ರಿಕಾಯಿಲ್ ಕಡಿಮೆ ಆಗತ್ತೆ, ಆಟ ಮುಂದುವರಿಯತ್ತೆ. ಆ ಗ್ರಿಪ್ ಯಾವುದರ ಮೇಲೆ ಕೂತಿದೆ ಅಂತ ಯಾರೂ ಕೇಳಲ್ಲ. ಅದಕ್ಕೆ ಹ್ಯಾಂಡ್‌ಗಾರ್ಡ್ ಅಂತ ಹೆಸರು. ಬ್ಯಾರೆಲ್‌ನ ಸುತ್ತ ಇರುವ ಕವಚ, ಎಡಗೈ ಹಿಡಿಯುವ ಜಾಗ. ನೋಡೋಕೆ ಏನೂ ಅಲ್ಲದ ಭಾಗ. ಆದರೆ ಈ ಬಂದೂಕುಗಳ ಇಡೀ ವಂಶಕ್ಕೆ ಮೂಲಪುರುಷನಾದ ಯೂಜಿನ್ ಸ್ಟೋನರ್ ಅವರ ಬದುಕನ್ನು ಓದ್ತಾ ಹೋದಾಗ ನಮಗೆ ಮತ್ತೆ ಮತ್ತೆ ಎದುರಾಗಿದ್ದು ಇದೇ ಕವಚ. ಹಾಗಾಗಿ ಈ ಸಲ ಅವರ ಕಥೆಯನ್ನು ಅಲ್ಲಿಂದಲೇ ಹೇಳೋಣ ಅಂದುಕೊಂಡಿದ್ದೇವೆ.

ಹ್ಯಾಂಡ್‌ಗಾರ್ಡ್‌ನ ಕೆಲಸ ಕೇಳೋಕೆ ಸುಲಭ. ಒಂದೆರಡು ಮ್ಯಾಗಜಿನ್ ಒಂದೇ ಸಮ ಹಾರಿಸಿದರೆ ಬ್ಯಾರೆಲ್ ಬರಿಗೈಯಲ್ಲಿ ಮುಟ್ಟುವ ಹಾಗಿರಲ್ಲ. ಕೈ ಸುಡಬಾರದು. ಗಾಳಿ ಆಡಬೇಕು, ಇಲ್ಲದಿದ್ದರೆ ಬಿಸಿ ಒಳಗೇ ಉಳಿಯತ್ತೆ. ಬಿದ್ದರೆ ಒಡೆಯಬಾರದು. ತೂಕ ಇರಬಾರದು, ಯಾಕಂದರೆ ಅದು ಬಂದೂಕಿನ ಮುಂತುದಿಯಲ್ಲಿದೆ, ಅಲ್ಲಿ ಸೇರಿದ ನೂರು ಗ್ರಾಂ ಕೂಡ ಕೈಗೆ ಗೊತ್ತಾಗತ್ತೆ. ಸೈನ್ಯಕ್ಕೆ ಬೇಕಾಗೋದು ಲಕ್ಷಗಟ್ಟಲೆ, ಆದ್ದರಿಂದ ಬೆಲೆಯೂ ಕೈಗೆಟುಕಬೇಕು. ಇಷ್ಟನ್ನೂ ಒಟ್ಟಿಗೆ ಕೇಳಿದಾಗ ಸುಲಭ ಅನ್ನೋದು ಅಷ್ಟೇನೂ ಸುಲಭ ಅಲ್ಲ ಅಂತ ಅರ್ಥವಾಗತ್ತೆ.

ಸ್ಟೋನರ್ ಹುಟ್ಟಿದ್ದು 1922ರ ನವೆಂಬರ್ 22ರಂದು, ಅಮೆರಿಕದ ಇಂಡಿಯಾನಾ ರಾಜ್ಯದ ಗಾಸ್ಪೋರ್ಟ್ ಎಂಬ ಸಣ್ಣ ಊರಿನಲ್ಲಿ. ಹೈಸ್ಕೂಲು ಮುಗಿಸಿದ್ದು ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ. ಅಲ್ಲಿಗೆ ಓದು ಮುಗೀತು. ಹೌದು, ಎಂಜಿನಿಯರಿಂಗ್ ಡಿಗ್ರಿ ಇರಲಿಲ್ಲ. ಇದನ್ನು ಓದಿ ನಮ್ಮಲ್ಲಿ ಕೆಲವರು ಬ್ಯಾಕ್‌ಲಾಗ್‌ಗೆ ಸಮಾಧಾನ ಹುಡುಕಬಹುದು, ಆದರೆ ಸ್ವಲ್ಪ ತಡೀರಿ. ಡಿಗ್ರಿ ಬದಲು ಅವರಿಗೆ ಸಿಕ್ಕಿದ್ದು ವರ್ಕ್‌ಶಾಪು. ವೆಗಾ ಏರ್‌ಕ್ರಾಫ್ಟ್ ಕಂಪನಿಯಲ್ಲಿ ವಿಮಾನಗಳಿಗೆ ಶಸ್ತ್ರ ಜೋಡಿಸುವ ಕೆಲಸ. ಎರಡನೇ ಮಹಾಯುದ್ಧ ಬಂದಾಗ ಮರೀನ್ ದಳ ಸೇರಿ, ದಕ್ಷಿಣ ಪೆಸಿಫಿಕ್‌ನಲ್ಲೂ ಉತ್ತರ ಚೀನಾದಲ್ಲೂ ವಿಮಾನಗಳ ದೊಡ್ಡ ಬಂದೂಕುಗಳನ್ನು ನೋಡಿಕೊಳ್ಳುವ ಕೆಲಸ. ಯುದ್ಧ ಮುಗಿದ ಮೇಲೆ ವಿಟ್ಟೇಕರ್ ಎಂಬ, ವಿಮಾನದ ಬಿಡಿಭಾಗ ಮಾಡುವ ಕಂಪನಿಯ ಮಷಿನ್ ಶಾಪ್ ಸೇರಿ, ಅಲ್ಲಿಂದ ಡಿಸೈನ್ ಎಂಜಿನಿಯರ್ ಹುದ್ದೆಗೆ ಏರಿದರು. ಅಂದರೆ ಲೇತ್ ಮುಂದೆ ನಿಂತು ಕಲಿತವರು. ಡ್ರಾಯಿಂಗ್ ಹಾಳೆಯ ಮೇಲೆ ಎಳೆದ ಗೆರೆಯನ್ನು ಲೋಹದಲ್ಲಿ ತೆಗೆಯೋಕೆ ಎಷ್ಟು ಹೊತ್ತು ಬೇಕು, ಎಷ್ಟು ದುಡ್ಡು ಬೇಕು ಅನ್ನೋದು ಅವರಿಗೆ ಡ್ರಾಯಿಂಗ್‌ಗಿಂತ ಮೊದಲೇ ಗೊತ್ತಿತ್ತು.

ವಿಮಾನದವರ ತಲೆಯಲ್ಲಿ ಒಂದು ಲೆಕ್ಕ ಯಾವಾಗಲೂ ಓಡ್ತಿರತ್ತೆ, ತೂಕದ ಲೆಕ್ಕ. ಬಂದೂಕು ಮಾಡುವವರಿಗೆ ಆ ಕಾಲದಲ್ಲಿ ಅದು ಅಷ್ಟಾಗಿ ಇರಲಿಲ್ಲ. ಉಕ್ಕು, ವಾಲ್‌ನಟ್ ಮರ, ಇಷ್ಟೇ ಅವರ ಪ್ರಪಂಚ. 1954ರಲ್ಲಿ ಸ್ಟೋನರ್ ಸೇರಿದ ಆರ್ಮಲೈಟ್ ಕಂಪನಿ ಹುಟ್ಟಿದ್ದೇ ಈ ಎರಡು ಪ್ರಪಂಚಗಳ ನಡುವೆ. ಜಾರ್ಜ್ ಸುಲಿವನ್ ಎಂಬವರು ಶುರು ಮಾಡಿದ ಇದು ಫೇರ್‌ಚೈಲ್ಡ್ ಎಂಬ ವಿಮಾನ ಕಂಪನಿಯ ಸಣ್ಣ ವಿಭಾಗ, ಹಾಲಿವುಡ್‌ನಲ್ಲಿದ್ದ ಪುಟ್ಟ ವರ್ಕ್‌ಶಾಪು. ಎಆರ್ ಅಂದರೆ ಆರ್ಮಲೈಟ್ ಅಂತಲೇ, ಅಸಾಲ್ಟ್ ರೈಫಲ್ ಅಂತ ಅಲ್ಲ. ಈ ತಪ್ಪು ಟಿವಿ ಚಾನೆಲ್‌ಗಳಲ್ಲೂ ನಡೀತಿರತ್ತೆ. ಸ್ಟೋನರ್ ಅಲ್ಲಿ ಮುಖ್ಯ ಡಿಸೈನರ್ ಆದರು. ಅಲ್ಲಿ ಅವರು ಮಾಡಿದ ಎಆರ್-7 ಎಂಬ ಸಣ್ಣ ರೈಫಲ್‌ನ ಎಲ್ಲ ಭಾಗಗಳನ್ನೂ ಬಿಚ್ಚಿ ಅದರದ್ದೇ ಪ್ಲಾಸ್ಟಿಕ್ ಹಿಡಿಯೊಳಗೆ ತುಂಬಿಡಬಹುದು, ನೀರಿಗೆ ಬಿದ್ದರೆ ತೇಲತ್ತೆ.

ದೊಡ್ಡ ಹೆಜ್ಜೆ ಎಆರ್-10. ರಿಸೀವರ್‌ಗೆ ಅಲ್ಯುಮಿನಿಯಂ. ಹಿಂದಿನ ಹಿಡಿಗೂ ಮುಂದಿನ ಹ್ಯಾಂಡ್‌ಗಾರ್ಡ್‌ಗೂ ಫೈಬರ್‌ಗ್ಲಾಸ್ ಬೆರೆಸಿದ ಪ್ಲಾಸ್ಟಿಕ್. ಮರ ಯಾಕೆ ಬೇಡ? ಮರ ನೀರು ಕುಡಿಯತ್ತೆ. ಮಳೆಗಾಲದಲ್ಲಿ ನಮ್ಮ ಮನೆಯ ಬಾಗಿಲು ಉಬ್ಬಿ ಚೌಕಟ್ಟಿಗೆ ಸಿಕ್ಕಿಕೊಳ್ಳತ್ತಲ್ಲ, ಅದೇ ಥರ ಬಂದೂಕಿನ ಮರವೂ ಉಬ್ಬಿ ಬ್ಯಾರೆಲ್ ಅನ್ನು ಒಂದು ಕಡೆ ಒತ್ತತ್ತೆ, ಗುರಿ ಆಚೀಚೆ ಆಗತ್ತೆ. ಜೊತೆಗೆ ಒಳ್ಳೆ ವಾಲ್‌ನಟ್ ಮರವನ್ನು ಒಣಗಿಸಿ, ಕೊರೆದು, ಎಣ್ಣೆ ಹಚ್ಚೋದಕ್ಕೆ ಎಷ್ಟೋ ಹಂತಗಳು. ಪ್ಲಾಸ್ಟಿಕ್ಕಾದರೆ ಅಚ್ಚು ಮಾಡುವಾಗ ಮಾತ್ರ ಖರ್ಚು, ಆಮೇಲೆ ಒತ್ತುತ್ತಾ ಹೋಗೋದಷ್ಟೇ.

ಇನ್ನೊಂದು ವಿಷಯವೂ ಇಲ್ಲಿ ಕವಚಕ್ಕೆ ಸಹಾಯ ಮಾಡಿತು. ಆಗಿನ ಬಹಳಷ್ಟು ಆಟೋಮ್ಯಾಟಿಕ್ ರೈಫಲ್‌ಗಳಲ್ಲಿ ಬ್ಯಾರೆಲ್ ಪಕ್ಕ ಪಿಸ್ಟನ್, ರಾಡ್ ಎಲ್ಲ ಹಿಂದೆ ಮುಂದೆ ಓಡಾಡಬೇಕು. ಸ್ಟೋನರ್ ಆ ಕೆಲಸವನ್ನು ಹಿಂದಿನ ಬೋಲ್ಟ್ ಕ್ಯಾರಿಯರ್ ಒಳಕ್ಕೆ ಸೇರಿಸಿಬಿಟ್ಟರು. ಮುಂದೆ ಉಳಿದದ್ದು ಗ್ಯಾಸ್ ಸಾಗಿಸುವ ಒಂದು ತೆಳು ಸ್ಟೇನ್‌ಲೆಸ್ ಸ್ಟೀಲ್ ಕೊಳವೆ ಮಾತ್ರ. ಈ ವ್ಯವಸ್ಥೆಗೆ ಅವರು 1956ರಲ್ಲಿ ಅರ್ಜಿ ಹಾಕಿದ ಪೇಟೆಂಟ್ 1960ರಲ್ಲಿ ಸಿಕ್ಕಿತು. ಓಡಾಡುವ ಭಾಗ ಇಲ್ಲದ ಮೇಲೆ ಹ್ಯಾಂಡ್‌ಗಾರ್ಡ್ ಸಪೂರ ಇದ್ದರೂ ನಡೆಯತ್ತೆ, ಹಗುರ ಇದ್ದರೂ ನಡೆಯತ್ತೆ. ಅದು ಮಾಡಬೇಕಾದ್ದು ಎರಡೇ: ಕೈಯನ್ನು ಬಿಸಿಯಿಂದ ಕಾಯೋದು, ಆ ಕೊಳವೆಯನ್ನು ಪೆಟ್ಟಿನಿಂದ ಕಾಯೋದು.

ಆದರೆ ಹಗುರ ಅನ್ನೋ ಹುಚ್ಚು ಒಂದು ಕಡೆ ಅತಿಯಾಯಿತು. ಸುಲಿವನ್ ಅವರ ಒತ್ತಾಯಕ್ಕೆ ಎಆರ್-10ರ ಬ್ಯಾರೆಲ್ ಅನ್ನೂ ಅಲ್ಯುಮಿನಿಯಂ, ಉಕ್ಕು ಸೇರಿಸಿ ಮಾಡಲಾಯಿತು. ಸ್ಟೋನರ್‌ಗೆ ಅದು ಇಷ್ಟವಿರಲಿಲ್ಲ. 1957ರ ಆರಂಭದಲ್ಲಿ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯ ಕಠಿಣ ಪರೀಕ್ಷೆಯಲ್ಲಿ ಆ ಬ್ಯಾರೆಲ್ ಸಿಡಿಯಿತು. ಕೂಡಲೇ ಪೂರ್ತಿ ಉಕ್ಕಿನ ಬ್ಯಾರೆಲ್ ಹಾಕಿದರು, ಆದರೆ ಹೊತ್ತು ಮೀರಿತ್ತು. ಆ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಸೈನ್ಯ ಎಂ14 ಅನ್ನು ಆರಿಸಿಕೊಂಡಿತು. ಕವಚದಲ್ಲಿ ಉಳಿಸಬಹುದಾದ ತೂಕವನ್ನು ಒಳಗಿನ ಒತ್ತಡ ಹೊರುವ ಭಾಗದಲ್ಲೂ ಉಳಿಸಬಹುದು ಅಂತ ಲೆಕ್ಕ ಹಾಕಿದ್ದು ದುಬಾರಿ ಆಯಿತು.

ಅಷ್ಟರಲ್ಲೇ ಸೈನ್ಯದ ಇನ್ನೊಂದು ಕಚೇರಿ ಸಣ್ಣ ತೋಟಾದ, ಇನ್ನೂ ಹಗುರವಾದ ರೈಫಲ್ ಕೇಳಿತ್ತು. ಸ್ಟೋನರ್ ತಂಡದ ರಾಬರ್ಟ್ ಫ್ರೀಮಾಂಟ್ ಮತ್ತು ಜಿಮ್ ಸುಲಿವನ್ (ಮೇಲೆ ಹೇಳಿದ ಸುಲಿವನ್ ಬೇರೆ, ಇವರು ಬೇರೆ) ಎಆರ್-10 ಅನ್ನೇ ಕುಗ್ಗಿಸಿ ಎಆರ್-15 ಮಾಡಿದರು. ಕುಗ್ಗಿಸೋದು ಅಂದರೆ ಕ್ಯಾಡ್‌ನಲ್ಲಿ ಸ್ಕೇಲ್ ಕಮಾಂಡ್ ಕೊಟ್ಟ ಹಾಗಲ್ಲ, ಪ್ರತಿ ಭಾಗವನ್ನೂ ಮತ್ತೆ ಯೋಚಿಸಬೇಕು. ಹಾಗಾಗಿ ಎಆರ್-15 ಅನ್ನು ಸ್ಟೋನರ್ ಒಬ್ಬರೇ ಮಾಡಿದರು ಅನ್ನೋದು ಪೂರ್ತಿ ಸರಿಯಲ್ಲ. 1959ರಲ್ಲಿ ಆರ್ಮಲೈಟ್ ಇದರ ಹಕ್ಕನ್ನು ಕೋಲ್ಟ್ ಕಂಪನಿಗೆ ಮಾರಿತು. 1960ರ ಬೇಸಿಗೆಯ ಒಂದು ಪಾರ್ಟಿಯಲ್ಲಿ ವಾಯುಪಡೆಯ ಜನರಲ್ ಕರ್ಟಿಸ್ ಲೆಮೇ ಇದರಿಂದ ಕಲ್ಲಂಗಡಿ ಹಣ್ಣುಗಳಿಗೆ ಗುಂಡು ಹೊಡೆದು ನೋಡಿ ಮೆಚ್ಚಿಕೊಂಡ ಕಥೆ ತುಂಬಾ ಪ್ರಸಿದ್ಧ. 1961ರಲ್ಲಿ ಸ್ಟೋನರ್ ಆರ್ಮಲೈಟ್ ಬಿಟ್ಟರು.

ಈಗ ಎಆರ್-15ರ ಹ್ಯಾಂಡ್‌ಗಾರ್ಡ್ ನೋಡಿ. ಹಳೆ ವಿಯೆಟ್ನಾಂ ಯುದ್ಧದ ಸಿನಿಮಾಗಳಲ್ಲಿ ಕಾಣುವ ತ್ರಿಕೋನಾಕಾರದ ಕಪ್ಪು ಕವಚ. ಎಡ, ಬಲ ಎರಡು ಹೋಳು. ಮುಂದುಗಡೆ ಒಂದು ಲೋಹದ ಮುಚ್ಚಳದೊಳಗೆ ತುದಿ ಸಿಕ್ಕಿಸಬೇಕು, ಹಿಂದುಗಡೆ ಸ್ಪ್ರಿಂಗ್ ಇರುವ ಬಳೆಯೊಂದನ್ನು ಹಿಂದಕ್ಕೆ ಎಳೆದು ಬಿಟ್ಟರೆ ಎರಡೂ ಹೋಳು ಕಚ್ಚಿಕೊಂಡು ಕೂರತ್ತೆ. ಸ್ಕ್ರೂ ಇಲ್ಲ, ಸ್ಪ್ಯಾನರ್ ಬೇಡ. ಒಳಗೆ ತೆಳು ಅಲ್ಯುಮಿನಿಯಂ ತಗಡು, ಬಿಸಿಯನ್ನು ತಡೆಯೋಕೆ. ಮೇಲೆ ಕೆಳಗೆ ಸಾಲು ತೂತುಗಳು, ಗಾಳಿಗೆ. ಇದಕ್ಕಿಂತ ಕಡಿಮೆ ಖರ್ಚಲ್ಲಿ ಇಷ್ಟು ಕೆಲಸ ಮಾಡಿಸೋದು ಹೇಗೆ ಅಂತ ನಮಗಂತೂ ತೋಚಲಿಲ್ಲ.

ಕೊರತೆ ಇರಲಿಲ್ಲ ಅಂತಲ್ಲ. ಜೋರಾಗಿ ಬಿದ್ದರೆ ಆ ತೆಳು ಪ್ಲಾಸ್ಟಿಕ್ ಬಿರುಕು ಬಿಡ್ತಿತ್ತು. ಎಡದ್ದು ಬಲಕ್ಕೆ ಕೂರಲ್ಲ, ಆದ್ದರಿಂದ ಉಗ್ರಾಣದಲ್ಲಿ ಎರಡನ್ನೂ ಬೇರೆ ಬೇರೆ ಇಡಬೇಕು. ಎಡದ್ದು ಒಡೆದು, ಉಗ್ರಾಣದಲ್ಲಿ ಬಲದ್ದೇ ರಾಶಿ ಇದ್ದರೆ ಏನೂ ಮಾಡೋಕಾಗಲ್ಲ. ಆದರೆ ಗಮನಿಸಿ, ಹ್ಯಾಂಡ್‌ಗಾರ್ಡ್ ಒಡೆದ ರೈಫಲ್ ಆಗಲೂ ಗುಂಡು ಹಾರಿಸತ್ತೆ. ಟೇಪು ಸುತ್ತಿ ನಡೆಸಬಹುದು.

ಟೇಪು ಸುತ್ತಿ ನಡೆಸಲಾಗದ ಜಾಗ ಬೇರೆ ಇತ್ತು. ಎಂ16 ಅಂತ ಹೆಸರಾದ ಈ ರೈಫಲ್ ವಿಯೆಟ್ನಾಂಗೆ ಲಕ್ಷಗಟ್ಟಲೆ ಹೋಗುವ ಹೊತ್ತಿಗೆ ಮೂರು ವಿಷಯ ಸೇರಿಕೊಂಡವು. ಡಿಸೈನ್ ಮಾಡಿದಾಗ ಬಳಸಿದ ಮದ್ದಿನ ಪುಡಿಯ ಬದಲು 1964ರಿಂದ ಬೇರೆ ಥರದ ಪುಡಿ ತುಂಬಿದ ತೋಟಾಗಳು ಬಂದವು. ಅದರಿಂದ ರೈಫಲ್‌ನ ವೇಗ ಹೆಚ್ಚಾಯಿತು, ಒಳಗೆ ಕೊಳೆಯೂ ಹೆಚ್ಚಾಯಿತು. ಎರಡನೇದು, ಎಂ14ರ ಬ್ಯಾರೆಲ್ ಒಳಗೆ ಇದ್ದ ಕ್ರೋಮ್ ಲೇಪನ ಎಂ16ಗೆ ಕೊಡಲಿಲ್ಲ. ವಿಯೆಟ್ನಾಂ ಅಂದರೆ ಮಳೆ, ಕೆಸರು, ಶೆಖೆ. ತೋಟಾ ಕೂರುವ ಚೇಂಬರ್‌ಗೆ ತುಕ್ಕು ಹಿಡಿಯೋಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಮೂರನೇದು, ಈ ರೈಫಲ್‌ಗೆ ಹೆಚ್ಚು ಕ್ಲೀನಿಂಗ್ ಬೇಡ ಅನ್ನೋ ಮಾತು ಹಬ್ಬಿ, ಸಾಕಷ್ಟು ಕ್ಲೀನಿಂಗ್ ಕಿಟ್‌ಗಳೇ ಸೈನಿಕರ ಕೈಗೆ ಬರಲಿಲ್ಲ.

ಪರಿಣಾಮ ಭಯಂಕರ. ಗುಂಡು ಹಾರಿದ ಮೇಲೆ ಖಾಲಿ ತೋಟಾ ಚೇಂಬರ್‌ನಲ್ಲೇ ಕಚ್ಚಿಕೊಂಡು ಬಿಡ್ತಿತ್ತು. ಅದನ್ನು ತೆಗೀಬೇಕಂದರೆ ಮುಂದಿನಿಂದ ಬ್ಯಾರೆಲ್ ಒಳಗೆ ಉದ್ದ ಸರಳು ತೂರಿಸಿ ಹಿಂದಕ್ಕೆ ತಳ್ಳಬೇಕು. ಎದುರಿನವರು ಗುಂಡು ಹಾರಿಸ್ತಿರುವಾಗ ಇದನ್ನು ಮಾಡೋದನ್ನ ಊಹಿಸಿಕೊಳ್ಳಿ. ಕೆಟ್ಟು ನಿಂತ ರೈಫಲ್ ಪಕ್ಕದಲ್ಲೇ ಸತ್ತು ಬಿದ್ದ ಗೆಳೆಯರ ಬಗ್ಗೆ ಸೈನಿಕರು ಮನೆಗೆ ಪತ್ರ ಬರೆದರು, ಆ ಪತ್ರಗಳು ಸಂಸತ್ ಸದಸ್ಯರನ್ನು ತಲುಪಿದವು. ಸತ್ತವರಲ್ಲಿ ಎಷ್ಟೋ ಜನಕ್ಕೆ ನಮ್ಮದೇ ವಯಸ್ಸು. 1967ರಲ್ಲಿ ಐಕಾರ್ಡ್ ಎಂಬ ಸದಸ್ಯರ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ಸ್ಟೋನರ್ ಕೂಡ ಸಾಕ್ಷಿ ಹೇಳಿದರು. ಮದ್ದು ಬದಲಾಯಿಸುವ ಬಗ್ಗೆ ಅವರ ಅಭಿಪ್ರಾಯ ಕೇಳಿದ್ದರು, ಆದರೆ ಕೇಳುವ ಹೊತ್ತಿಗೆ ತೀರ್ಮಾನ ಆಗಿಹೋಗಿತ್ತು. ವಿಚಾರಣಾ ಸಮಿತಿ ಮುಖ್ಯವಾಗಿ ಮದ್ದಿನ ಬದಲಾವಣೆಯತ್ತಲೇ ಬೆರಳು ತೋರಿಸಿತು. ಆ ವರ್ಷವೇ ಚೇಂಬರ್‌ಗೆ ಕ್ರೋಮ್ ಬಂತು, ಕಿಟ್‌ಗಳು ಬಂದವು. 1968ರಲ್ಲಿ ವಿಲ್ ಐಸ್ನರ್ ಎಂಬ ಹೆಸರಾಂತ ಕಲಾವಿದರು ಚಿತ್ರ ಬರೆದ ಒಂದು ಕಾಮಿಕ್ ಪುಸ್ತಕವನ್ನು ಸೈನ್ಯ ಹಂಚಿತು, ರೈಫಲ್ ಒರೆಸೋದು ಹೇಗೆ ಅಂತ ಕಲಿಸೋಕೆ.

ಇಲ್ಲಿ ನಮ್ಮ ಅನಿಸಿಕೆ ಹೇಳಿಬಿಡ್ತೀವಿ. ಎರಡೂ ಕಡೆ ನಡೆದದ್ದು ದುಡ್ಡು, ತೂಕ ಉಳಿಸುವ ಕೆಲಸವೇ. ಮರದ ಬದಲು ಪ್ಲಾಸ್ಟಿಕ್ ಕವಚ ಹಾಕಿದ್ದರಿಂದ ಯಾರೂ ಸಾಯಲಿಲ್ಲ, ಎಲ್ಲರ ಹೆಗಲೂ ಹಗುರಾಯಿತು. ಕ್ರೋಮ್, ಕ್ಲೀನಿಂಗ್ ಕಿಟ್ಟು ಇಲ್ಲದ್ದಕ್ಕೆ ಜನ ಸತ್ತರು. ವ್ಯತ್ಯಾಸ ಏನು ಅಂದರೆ ಮೊದಲನೆಯದನ್ನು ನಿರ್ಧರಿಸಿದವರು ಆ ಭಾಗ ಕೆಟ್ಟರೆ ಏನಾಗತ್ತೆ ಅಂತ ಗೊತ್ತಿದ್ದವರು.

ಹ್ಯಾಂಡ್‌ಗಾರ್ಡ್‌ನ ಮುಂದಿನ ಸುಧಾರಣೆ ಬಂದದ್ದು ಸ್ಟೋನರ್ ಕೈಯಿಂದ ಅಲ್ಲ, ಕಾರ್ಬೈನ್‌ನಿಂದ. ಕಾರ್ಬೈನ್ ಅಂದರೆ ರೈಫಲ್‌ನ ಗಿಡ್ಡ ತಮ್ಮ. ಹೆಲಿಕಾಪ್ಟರ್, ಜೀಪು, ಕಾಡುಪೊದೆ ಇಂಥ ಕಡೆ ಉದ್ದ ಬ್ಯಾರೆಲ್ ಅಡ್ಡಿ ಆಗತ್ತೆ ಅಂತ ಮಾಡಿದ್ದು. ಕೋಲ್ಟ್‌ನವರು ಮೊದಮೊದಲು ಏನು ಮಾಡಿದರು ಗೊತ್ತಾ? ರೈಫಲ್‌ನ ತ್ರಿಕೋನ ಕವಚವನ್ನೇ ಕತ್ತರಿಸಿ ಗಿಡ್ಡ ಮಾಡಿ ಹಾಕಿದರು. ಪಕ್ಕಾ ನಮ್ಮ ಮಿನಿ ಪ್ರಾಜೆಕ್ಟ್ ಬುದ್ಧಿ. ಆಮೇಲೆ 1966ರ ಸುಮಾರಿಗೆ ದುಂಡಗಿನ, ಮೇಲೆ ಗೀರುಗಳಿರುವ ಹೊಸ ಕವಚ ಬಂತು. ಇದು ಎಡ ಬಲ ಅಲ್ಲ, ಮೇಲೆ ಕೆಳಗೆ ಎರಡು ಹೋಳು, ಮತ್ತು ಎರಡೂ ಒಂದೇ. ಒಂದೇ ಅಚ್ಚು ಸಾಕು, ಉಗ್ರಾಣದಲ್ಲಿ ಒಂದೇ ನಂಬರು ಸಾಕು. ಸಣ್ಣ ಕೈಗೂ ಹಿಡಿತ ಸಿಗತ್ತೆ. ಇದು ಎಷ್ಟು ಸರಿಯಾಗಿತ್ತು ಅಂದರೆ 1980ರ ದಶಕದಲ್ಲಿ ಎಂ16ಎ2 ಬಂದಾಗ ಅಣ್ಣನೇ ತಮ್ಮನ ಅಂಗಿಯ ಮಾದರಿ ಹೊಲಿಸಿಕೊಂಡ.

ಗಿಡ್ಡ ಮಾಡೋದರಲ್ಲಿ ಒಂದು ತೊಂದರೆ ಇದೆ. ರೈಫಲ್‌ನಲ್ಲಿ ಹ್ಯಾಂಡ್‌ಗಾರ್ಡ್ ಸುಮಾರು 12 ಇಂಚು, ಕಾರ್ಬೈನ್‌ನಲ್ಲಿ ಸುಮಾರು 7. ಗ್ಯಾಸ್ ತೆಗೆಯುವ ತೂತು ಹಿಂದಕ್ಕೆ ಸರಿದ ಹಾಗೆ ಅಲ್ಲಿನ ಒತ್ತಡ, ಬಿಸಿ ಎರಡೂ ಹೆಚ್ಚು. ಕೈಯೂ ಹಿಂದಕ್ಕೆ, ಬಿಸಿ ಜಾಸ್ತಿ ಇರುವ ಕಡೆಗೆ ಬರತ್ತೆ. ಅದಕ್ಕೇ 1994ರಲ್ಲಿ ಸೈನ್ಯ ಒಪ್ಪಿಕೊಂಡ ಎಂ4 ಕಾರ್ಬೈನ್‌ನ ಕವಚ ಸ್ವಲ್ಪ ದಪ್ಪ, ಒಳಗೆ ಒಂದರ ಬದಲು ಎರಡು ಪದರ ತಗಡು.

ಸ್ಟೋನರ್ ಈ ನಡುವೆ ಸುಮ್ಮನೆ ಕೂತಿರಲಿಲ್ಲ. ಆರ್ಮಲೈಟ್ ಬಿಡುವ ಮೊದಲು ಎಆರ್-16 ಮಾಡಿದ್ದರು, ಅಲ್ಯುಮಿನಿಯಂ ಬದಲು ಉಕ್ಕಿನ ತಗಡನ್ನು ಪ್ರೆಸ್‌ನಲ್ಲಿ ಒತ್ತಿ ಮಾಡುವ ರೈಫಲ್. ದೊಡ್ಡ ಫೋರ್ಜಿಂಗ್ ಮಷಿನ್‌ಗಳಿಲ್ಲದ ದೇಶಗಳೂ ಮಾಡಿಕೊಳ್ಳಬಹುದಾದದ್ದು. ಆಮೇಲೆ ಕ್ಯಾಡಿಲಾಕ್ ಗೇಜ್ ಕಂಪನಿಗೆ ಸ್ಟೋನರ್ 63: ಒಂದೇ ರಿಸೀವರ್, ಭಾಗ ಬದಲಿಸಿದರೆ ರೈಫಲ್, ಕಾರ್ಬೈನ್ ಅಥವಾ ಮಷಿನ್‌ಗನ್. ನೌಕಾಪಡೆಯ ಸೀಲ್ ತಂಡಗಳು ವಿಯೆಟ್ನಾಂನಲ್ಲಿ ಅದನ್ನು ಬಳಸಿದವು, ಉಳಿದವರಿಗೆ ಅದು ಸ್ವಲ್ಪ ಜಟಿಲ ಅನ್ನಿಸಿತು. 1972ರಲ್ಲಿ ಓಹಾಯೋದಲ್ಲಿ ಪಾಲುದಾರರೊಬ್ಬರ ಜೊತೆ ಎರೀಸ್ ಎಂಬ ಸ್ವಂತ ಕಂಪನಿ. 1990ರ ಮೇ ತಿಂಗಳಲ್ಲಿ ಮಿಖಾಯಿಲ್ ಕಲಾಶ್ನಿಕೋವ್ ಅಮೆರಿಕಕ್ಕೆ ಬಂದಾಗ ಇಬ್ಬರೂ ಭೇಟಿಯಾಗಿ, ಒಬ್ಬರ ಬಂದೂಕನ್ನು ಇನ್ನೊಬ್ಬರು ಹಾರಿಸಿ ನೋಡಿದರು. ಸ್ಟೋನರ್‌ಗೆ ರಾಯಲ್ಟಿ ಬಂದಿತ್ತು, ಎಕೆ-47 ಮಾಡಿದವರಿಗೆ ಅದು ಇರಲಿಲ್ಲ.

ಅದೇ ವರ್ಷ ಅವರು ಫ್ಲಾರಿಡಾದಲ್ಲಿ ರೀಡ್ ನೈಟ್ ಅವರ ನೈಟ್ಸ್ ಆರ್ಮಮೆಂಟ್ ಕಂಪನಿ ಸೇರಿದರು. ವಯಸ್ಸು 67. ಅಲ್ಲಿ ಎಆರ್-10ಕ್ಕೆ ಮತ್ತೆ ಕೈ ಹಾಕಿದರು. ಹೊಸ ರೈಫಲ್‌ನ ಹೆಸರು ಎಸ್‌ಆರ್-25. ಎಸ್‌ಆರ್ ಅಂದರೆ ಸ್ಟೋನರ್ ರೈಫಲ್, 25 ಅಂದರೆ 10ಕ್ಕೆ 15 ಕೂಡಿಸಿದ್ದು. ಎಷ್ಟು ಸಲೀಸಾದ ಲೆಕ್ಕ ನೋಡಿ.

ಇದು ದೂರದ ಗುರಿಗೆ, ನಿಖರತೆಗೆ ಅಂತ ಮಾಡಿದ ರೈಫಲ್. ಇಲ್ಲಿ ಹಳೆ ಪ್ಲಾಸ್ಟಿಕ್ ಕವಚ ಸಾಲದು. ಯಾಕೆ ಅನ್ನೋದು ಮೂರನೇ ಸೆಮಿಸ್ಟರ್ ಪಾಸಾದವರಿಗೆಲ್ಲ ಅರ್ಥವಾಗತ್ತೆ. ಬ್ಯಾರೆಲ್ ಅಂದರೆ ಒಂದು ಕ್ಯಾಂಟಿಲಿವರ್, ಒಂದು ತುದಿ ರಿಸೀವರ್‌ನಲ್ಲಿ ಗಟ್ಟಿ, ಇನ್ನೊಂದು ತುದಿ ಖಾಲಿ. ಹಳೆ ಕವಚದ ಮುಂತುದಿ ಬ್ಯಾರೆಲ್‌ಗೆ ಕಟ್ಟಿದ ಮುಚ್ಚಳದೊಳಗೆ ಕೂತಿರತ್ತೆ. ನೀವು ಕವಚವನ್ನು ಒತ್ತಿದರೂ, ಪಟ್ಟಿ ಬಿಗಿದು ಎಳೆದರೂ, ಮರಳಿನ ಚೀಲದ ಮೇಲೆ ಊರಿದರೂ ಆ ಬಲ ಬ್ಯಾರೆಲ್‌ಗೇ ಹೋಗತ್ತೆ, ಬ್ಯಾರೆಲ್ ಕಣ್ಣಿಗೆ ಕಾಣದಷ್ಟು ಬಾಗತ್ತೆ. ಹತ್ತಿರದ ಗುರಿಗೆ ಅದೇನೂ ಲೆಕ್ಕಕ್ಕಿಲ್ಲ. ನಾನೂರು, ಐನೂರು ಮೀಟರ್ ಆಚೆ ಗುಂಡು ಬೇರೆ ಕಡೆ ಬೀಳತ್ತೆ. ಎಸ್‌ಆರ್-25ರಲ್ಲಿ ಕವಚ ಒಂದು ಕೊಳವೆ. ಅದು ಕಚ್ಚಿಕೊಂಡಿರೋದು ಹಿಂದೆ, ರಿಸೀವರ್ ಕಡೆ ಮಾತ್ರ. ಮುಂದೆ ಬ್ಯಾರೆಲ್‌ಗೆ ತಾಗೋದೇ ಇಲ್ಲ. ಇದಕ್ಕೆ ಫ್ರೀ ಫ್ಲೋಟ್ ಅಂತಾರೆ. ಬಲವೆಲ್ಲ ರಿಸೀವರ್‌ಗೆ, ಬ್ಯಾರೆಲ್ ತನ್ನ ಪಾಡಿಗೆ ತಾನು.

ಹಾಗಾದರೆ ಎಲ್ಲ ಕಾರ್ಬೈನ್‌ಗೂ ಇದನ್ನೇ ಹಾಕಬಹುದಲ್ಲ? ನೈಟ್ ಅವರ ಕಂಪನಿಯೇ ಇದಕ್ಕೆ ಉತ್ತರ ಕೊಟ್ಟಿತು. ಎಂ4ಗೆ ಲೈಟು, ಲೇಸರ್, ಗ್ರಿಪ್ ಹಾಕುವ ಅಗತ್ಯ ಬಂದಾಗ ಅವರು ಮಾಡಿದ ರೇಲ್ ಇರುವ ಹ್ಯಾಂಡ್‌ಗಾರ್ಡ್ ಫ್ರೀ ಫ್ಲೋಟ್ ಅಲ್ಲ. ಹಳೆ ಪ್ಲಾಸ್ಟಿಕ್ ಹೋಳುಗಳ ಜಾಗದಲ್ಲೇ, ಅದೇ ಮುಚ್ಚಳ ಅದೇ ಬಳೆ ಬಳಸಿ ಕೂರತ್ತೆ. ಫ್ರೀ ಫ್ಲೋಟ್ ಹಾಕಬೇಕಂದರೆ ಸಾಮಾನ್ಯವಾಗಿ ಬ್ಯಾರೆಲ್ ನಟ್ಟನ್ನೇ ಬದಲಿಸಬೇಕು, ಅದಕ್ಕೆ ಟಾರ್ಕ್ ರೆಂಚು, ವೈಸು, ತರಬೇತಿ ಪಡೆದ ಕೈ ಬೇಕು. ಇರುವ ಲಕ್ಷಾಂತರ ಕಾರ್ಬೈನ್‌ಗಳಿಗೆಲ್ಲ ಇದನ್ನು ಮಾಡುವ ಖರ್ಚು ಅಮೆರಿಕದಂಥ ಶ್ರೀಮಂತ ಸೈನ್ಯಕ್ಕೂ ಹಗುರವಲ್ಲ. ಸೈನ್ಯ ಸುಲಭದ್ದನ್ನೇ ಆರಿಸಿತು, ಮತ್ತು ನಮ್ಮ ಪ್ರಕಾರ ಸರಿಯಾಗಿಯೇ ಆರಿಸಿತು. ಮುನ್ನೂರು ಮೀಟರ್ ಒಳಗಿನ ಕೆಲಸಕ್ಕೆ ಅಷ್ಟು ಸಾಕು. ವಿಶೇಷ ಪಡೆಗಳು ಆಮೇಲೆ ಫ್ರೀ ಫ್ಲೋಟ್ ಹಾಕಿಸಿಕೊಂಡವು. ಅವರ ಕೆಲಸ ಬೇರೆ, ಸಂಖ್ಯೆಯೂ ಕಡಿಮೆ. ನಾಲ್ಕೂ ಕಡೆ ಹಲ್ಲು ಹಲ್ಲಾದ ಅಲ್ಯುಮಿನಿಯಂ ರೇಲ್‌ಗೆ ಅದರದ್ದೇ ಕಷ್ಟವೂ ಇದೆ: ತೂಕ ಜಾಸ್ತಿ, ಬಿಸಿಯನ್ನು ಬೇಗ ಕೈಗೆ ದಾಟಿಸತ್ತೆ, ಬರಿಗೈಯಲ್ಲಿ ಹಿಡಿದರೆ ತುರಿಮಣೆ ಹಿಡಿದ ಹಾಗೆ. ಅದಕ್ಕೆ ಮತ್ತೆ ಮೇಲೆ ಪ್ಲಾಸ್ಟಿಕ್ ಮುಚ್ಚಿಗೆ ಹಾಕಬೇಕು! ಅಂದರೆ ಕೈ ತಾಗೋದು ಕೊನೆಗೂ ಪ್ಲಾಸ್ಟಿಕ್ಕಿಗೇ.

ನಮ್ಮ ದೇಶಕ್ಕೂ ಈ ವಂಶದ ಒಂದು ಕೊಂಬೆ ಬಂದಿದೆ. 2019ರಲ್ಲಿ ಭಾರತೀಯ ಸೇನೆಗಾಗಿ 72,400 ಸಿಗ್ 716 ರೈಫಲ್‌ಗಳಿಗೆ ಆರ್ಡರ್ ಕೊಡಲಾಯಿತು. ಅದರಲ್ಲಿ ಸ್ಟೋನರ್ ಬೇಡ ಅಂದಿದ್ದ ಪಿಸ್ಟನ್ ಮತ್ತೆ ಸೇರಿಕೊಂಡಿದೆ, ಆದರೆ ಮೈಕಟ್ಟು ಎಆರ್-10ರದ್ದೇ. 1957ರಲ್ಲಿ ಸೋತ ರೈಫಲ್‌ನ ಮೊಮ್ಮಗ ಅನ್ನಬಹುದು.

ಯೂಜಿನ್ ಸ್ಟೋನರ್ 1997ರ ಏಪ್ರಿಲ್ 24ರಂದು ಫ್ಲಾರಿಡಾದ ಪಾಮ್ ಸಿಟಿಯಲ್ಲಿ ತೀರಿಕೊಂಡರು, 74ನೇ ವಯಸ್ಸಿನಲ್ಲಿ. ಬ್ಯಾರೆಲ್‌ಗೆ ತಾಗದ ಕವಚದ ಆ ಎಸ್‌ಆರ್-25 ಅನ್ನು ಅಮೆರಿಕದ ನೌಕಾಪಡೆ ತನ್ನ ಸೀಲ್ ತಂಡಗಳಿಗಾಗಿ ಎಂಕೆ 11 ಎಂಬ ಹೆಸರಲ್ಲಿ ತೆಗೆದುಕೊಂಡದ್ದು 2000ದಲ್ಲಿ, ಅವರು ಹೋಗಿ ಮೂರು ವರ್ಷದ ಮೇಲೆ.